ಜ್ಯೂಸ್ ಕೇಳಿದ ಅಪ್ಪನಿಗೆ ಸಿಕ್ಕಿದ್ದು ಕಲರ್

ಎಂಟು ವರ್ಷದ ಹಿಂದೆ ಹೆಣ್ಣು ನೋಡಲು ಧಾರವಾಡಕ್ಕೆ ಹೋಗಿದ್ದೆವು. ನಾನು, ಅಪ್ಪ, ಅಮ್ಮ, ಜೊತೆಗೆ ಸೋದರಮಾವ. ಅರಸೀಕೆರೆಯಲ್ಲಿ ಬೆಳಗಿನ ರೈಲು ಹತ್ತಿ ಧಾರವಾಡದಲ್ಲಿ ಇಳಿಯುವಷ್ಟರಲ್ಲಿ ಬಿಸಿಲು ನೆತ್ತಿಗೇರಿತ್ತು. ಸೋಫಾದಲ್ಲಿ ಕೂತು ಬೆವರು ಒರೆಸಿಕೊಳ್ಳುತ್ತಿದ್ದಾಗ ಹುಡುಗಿಯ ತಂದೆ ಕೇಳಿದರು: “ಏನ್ ತಗೋತೀರ್ರಿ? ಚಾ ಮಾಡಸ್ಲೋ, ಥಂಡಾ ತರಸ್ಲೋ?”

ಅಪ್ಪ ಗಂಭೀರವಾಗಿ ಹೇಳಿದರು: “ಬೇಡಿ ಬೇಡಿ. ನಮಗೆ ಥಂಡಿ ಆಗಲ್ಲ. ಬಿಸಿಬಿಸೀದು ಏನಾದ್ರೂ ಕೊಡಿ.”

ಒಳಗಿನ ಕೋಣೆಯಿಂದ ಯಾರೋ ಕಿಸಕ್ಕೆಂದು ನಕ್ಕರು. ಅದು ಯಾರು ಅಂತ ನನಗೆ ಮದುವೆಯಾದ ಮೇಲೆ ಗೊತ್ತಾಯಿತು. ಅಷ್ಟರಲ್ಲಿ ಅಂಗಡಿಗೆ ಓಡಿದ್ದ ಹುಡುಗ ಬಾಟಲಿಗಳನ್ನು ತಂದು ಟೀಪಾಯಿ ಮೇಲೆ ಇಟ್ಟ. ಅಪ್ಪನ ಮುಖ ಅರಳಿತು. “ಓ, ಜ್ಯೂಸಾ! ಹಾಗಂತ ಹೇಳಬಾರದಾ ಮತ್ತೆ?”

ಭಾವೀ ಮಾವ ಬಾಟಲಿಯನ್ನು ಒಮ್ಮೆ, ಅಪ್ಪನನ್ನು ಒಮ್ಮೆ ನೋಡಿದರು. ಬಾಟಲಿಯಲ್ಲಿ ಇದ್ದದ್ದು ಕಪ್ಪನೆಯ ಕೋಲಾ. “ಜ್ಯೂಸ್ ಅಲ್ರೀ ಇದು, ಥಂಡಾ,” ಅಂದರು ಮೆಲ್ಲಗೆ.

ಆಗಿನ್ನೂ ಅಪ್ಪನಿಗೆ ಸಕ್ಕರೆ ಕಾಯಿಲೆ ಇರಲಿಲ್ಲ. ಒಂದು ಬಾಟಲಿ ಪೂರ್ತಿ ಕುಡಿದರು. ಸಂಬಂಧ ಕುದುರಿತು. ಆದರೆ ಆವತ್ತು ಶುರುವಾದ ವಾದ ಮಾತ್ರ ಇವತ್ತಿಗೂ ಮುಗಿದಿಲ್ಲ. ನಮ್ಮ ಮನೆಯ ಫ್ರಿಜ್‌ನಲ್ಲಿರುವ ಬಾಟಲಿ ನನಗೆ ಕೂಲ್ ಡ್ರಿಂಕ್ಸ್, ಹೆಂಡತಿಗೆ ಥಂಡಾ, ಊರಿಂದ ಬಂದ ಅಪ್ಪ ಅಮ್ಮನಿಗೆ ಜ್ಯೂಸು. ಚೆನ್ನೈನಲ್ಲಿ ಶಾಲೆಗೆ ಹೋಗುವ ಮಗಳು ಈ ಮೂರನ್ನೂ ಬಲ್ಲಳು. ಯಾರ ಹತ್ತಿರ ಯಾವ ಮಾತು ಹೇಳಿದರೆ ಬಾಟಲಿ ಸಿಗುತ್ತದೆ ಅನ್ನುವುದೂ ಅವಳಿಗೆ ಚೆನ್ನಾಗಿ ಗೊತ್ತು.

ಕಳೆದ ಮೇ ತಿಂಗಳವರೆಗೆ ಇದೆಲ್ಲ ನಮ್ಮ ಮನೆಯ ತಮಾಷೆಯಾಗಿತ್ತು. ಆಮೇಲೆ ಒಂದು ದಿನ, ಈ ಪದಗಳ ಗೊಂದಲದಲ್ಲಿ ಅಪ್ಪ ಬೀದಿಬದಿಯಲ್ಲಿ ಕುಸಿದು ಕೂತರು. ಆ ಕಥೆ ಹೇಳುವ ಮೊದಲು ಈ ಪದಗಳ ಪರಿಚಯ ಆಗಬೇಕು. ಹೊರನಾಡಿನಲ್ಲಿರುವ ನಿಮಗೆ ಇವುಗಳಲ್ಲಿ ಅರ್ಧದಷ್ಟು ಈಗಾಗಲೇ ಎದುರಾಗಿರುತ್ತವೆ.

ಕುಡಿಯುವ ಬೊಂಡ

ನನಗೆ ಮೊದಲ ಪಾಠ ಆದದ್ದು ಕರ್ನಾಟಕದ ಒಳಗೇ. ಎಂ.ಟೆಕ್ ಮಾಡಲು ಸುರತ್ಕಲ್‌ಗೆ ಸೇರಿದ ಮೊದಲ ವಾರ, ಮಂಗಳೂರಿನ ಗೆಳೆಯ ಸಂಜೆ ಬಂದು “ಬಾ ಮಾರಾಯ, ಬೊಂಡ ಕುಡಿಯುವ” ಅಂದ. ನಮ್ಮೂರಲ್ಲಿ ಬೊಂಡವನ್ನು ತಿನ್ನುತ್ತಾರೆ, ಜೊತೆಗೆ ಚಟ್ನಿ ಕೊಡುತ್ತಾರೆ. ಸಮುದ್ರದ ಕಡೆಯವರು ಅದನ್ನು ಸಾಂಬಾರಿನಲ್ಲಿ ಕಲಸಿ ಕುಡಿಯುತ್ತಾರೇನೋ ಅಂದುಕೊಂಡು ಹೋದೆ. ಹೆದ್ದಾರಿ ಪಕ್ಕ ಎಳನೀರಿನ ರಾಶಿ ಮುಂದೆ ನಿಲ್ಲಿಸಿದ. ನಮ್ಮ ಎಳನೀರು ಅವನಿಗೆ ಬೊಂಡ. ಅದೇ ಲ್ಯಾಬಿನಲ್ಲಿದ್ದ ಕುಂದಾಪುರದ ಹುಡುಗ “ಅದು ಸೀಯಾಳ” ಅಂತ ತಿದ್ದಿದ. ಕೆಂಪು ಶರಬತ್ತಿನ ವಿಷಯದಲ್ಲೂ ಹಾಗೇ. ಮಂಗಳೂರಿನವನಿಗೆ ಅದು ಪುನರ್ಪುಳಿ, ಶಿರಸಿಯವನಿಗೆ ಮುರುಗಲು. ಮುಂದೆ ಪುಣೆಗೆ ಹೋದಾಗ ಅದೇ ಹಣ್ಣು ಕೋಕಂ ಆಗಿ ಸಿಕ್ಕಿತು.

ಬಾಟಲಿ ವಿಷಯಕ್ಕೆ ಬಂದರೆ, ಕರಾವಳಿಯ ಅಂಗಡಿಗಳಲ್ಲಿ “ಒಂದು ಬಿಂದು ಕೊಡಿ” ಅಂದರೆ ಸಾಕು. ಪುತ್ತೂರಿನ ಈ ಜೀರಿಗೆ ಸೋಡಾ ಆ ಕಡೆ ಎಷ್ಟು ಮನೆಮಾತಾಗಿದೆ ಅಂದರೆ, ಬಿಂದು ಅಂದಮೇಲೆ ಜೀರಾ ಅಂತ ಹೇಳುವ ಅಗತ್ಯವೂ ಬೀಳುವುದಿಲ್ಲ.

ಎಂ.ಟೆಕ್ ಮುಗಿಸಿ ಮೊದಲ ಕೆಲಸಕ್ಕೆ ಹೈದರಾಬಾದಿಗೆ ಹೋದೆ. ಮಂಗಳೂರಿನ ಅದೇ ಗೆಳೆಯನಿಗೂ ಅಲ್ಲೇ ಕೆಲಸ ಸಿಕ್ಕಿತು. ತೆಲುಗಿನಲ್ಲಿ ಎಳನೀರಿಗೆ ಕೊಬ್ಬರಿ ಬೊಂಡಾಂ ಅನ್ನುತ್ತಾರೆ. ಗಾಡಿಯವನ ಬಾಯಲ್ಲಿ ಅದನ್ನು ಕೇಳಿದ ದಿನ ನನ್ನ ಗೆಳೆಯ ಗೆದ್ದವನ ಹಾಗೆ ಬೆನ್ನು ತಟ್ಟಿದ: “ನೋಡು ಮಾರಾಯ, ಇಲ್ಲಿಯೂ ಬೊಂಡವೇ! ನೀವು ಘಟ್ಟದ ಮೇಲಿನವರು ಮಾತ್ರ ಅದನ್ನು ಎಣ್ಣೆಯಲ್ಲಿ ಕರಿಯುವುದು.”

ಹೈದರಾಬಾದಿನಲ್ಲಿ ಬಾಟಲಿಗೆ ‘ಕೂಲ್ ಡ್ರಿಂಕ್’. ತೆಲುಗು ಸಹೋದ್ಯೋಗಿಗಳ ಮನೆಗೆ ಹೋದರೆ “ಕೂಲ್ ಡ್ರಿಂಕ್ ತಾಗುತಾರಾ?” ಅಂತ ಕೇಳುತ್ತಿದ್ದರು. ಬಹಳ ಸಲ ಆ ಪ್ರಶ್ನೆಗೂ ಕಾಯದೆ ಥಮ್ಸ್ ಅಪ್ ಬರುತ್ತಿತ್ತು. ಬಿರಿಯಾನಿ ಜೊತೆಗಂತೂ ಬೇರೆ ಮಾತೇ ಇಲ್ಲ. ಹಳೇ ಊರಿನ ದಖ್ಖನಿ ಮಾತಾಡುವವರ ಬಾಯಲ್ಲಿ ಮಾತ್ರ ಅದು ಠಂಡಾ. ಧಾರವಾಡದ ಪ್ರಸಂಗ ನಡೆದ ಕಾಲಕ್ಕೆ ನಾನು ಹೈದರಾಬಾದಿನಲ್ಲೇ ಇದ್ದೆ. ಅಪ್ಪನ ಬದಲು ನಾನೇ ಉತ್ತರ ಕೊಡಬಹುದಿತ್ತು. ಹೆಣ್ಣು ನೋಡಲು ಹೋದವನಿಗೆ ಬಾಯಿ ಎಲ್ಲಿ ಬರುತ್ತದೆ?

ಊಟದ ಮೇಜಿನ ಮಧ್ಯೆ ಒಂದು ಗೆರೆ

ಮದುವೆಯಾದ ಮೇಲೆ ಪುಣೆಗೆ ವರ್ಗ. ಅಲ್ಲಿ ಹೆಂಡತಿಗೆ ತವರಿಗೆ ಬಂದಷ್ಟು ಖುಷಿ. ಮನೆ ಮಾಲೀಕರ ಹೆಂಡತಿ ಮೊದಲ ದಿನವೇ “ಕಾಹೀ ಥಂಡ ಘೇಣಾರ ಕಾ?” ಅಂತ ಕೇಳಿದರು. ಇವಳು ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದಳು. ಪುಣೆ, ಮುಂಬಯಿಯ ಅಂಗಡಿಗಳಲ್ಲಿ ಹೆಚ್ಚಾಗಿ ಕೇಳಿಬರುವುದು ‘ಕೋಲ್ಡ್ ಡ್ರಿಂಕ್’, ಅದೂ ಅವಸರದಲ್ಲಿ ‘ಕೋಲ್ಡ್ರಿಂಕ್’. ನಾನು ಅಭ್ಯಾಸಬಲದಿಂದ ಕೂಲ್ ಡ್ರಿಂಕ್ಸ್ ಅಂದಾಗಲೆಲ್ಲ ಆಫೀಸಿನ ಉತ್ತರದವರು “ಸೌತ್ ಇಂಡಿಯನ್!” ಅಂತ ನಗುತ್ತಿದ್ದರು. ಆವರೆಗೆ ಕೂಲ್‌ಗೂ ಕೋಲ್ಡ್‌ಗೂ ಅಂಥ ವ್ಯತ್ಯಾಸ ಇದೆ ಅಂತ ನನ್ನ ತಲೆಗೇ ಹೋಗಿರಲಿಲ್ಲ.

ನಾನು ಕೇಳಿಸಿಕೊಂಡ ಮಟ್ಟಿಗೆ ಲೆಕ್ಕ ಹೀಗಿದೆ. ದೆಹಲಿಯಿಂದ ಮುಂಬಯಿ, ಪುಣೆ ದಾಟಿ ಧಾರವಾಡದವರೆಗೆ ಕೋಲ್ಡ್ ಡ್ರಿಂಕ್ ಮತ್ತು ಥಂಡಾದ ರಾಜ್ಯ. ಚೆನ್ನೈ, ಹೈದರಾಬಾದ್, ಬೆಂಗಳೂರು, ಮೈಸೂರು ಕೂಲ್ ಡ್ರಿಂಕ್ಸ್ ರಾಜ್ಯ. 1956ರ ನವೆಂಬರ್ 1ಕ್ಕೆ ಮೊದಲು ಧಾರವಾಡ ಇದ್ದದ್ದು ಮುಂಬಯಿ ರಾಜ್ಯದಲ್ಲಿ, ಅರಸೀಕೆರೆ ಇದ್ದದ್ದು ಮೈಸೂರಿನಲ್ಲಿ. ಭೂಪಟದಲ್ಲಿ ಆ ಗೆರೆ ಅಳಿಸಿ ಎಷ್ಟೋ ದಶಕವಾಯಿತು. ಆದರೂ ಥಂಡಾ ಕಡೆಯವಳೂ ಕೂಲ್ ಡ್ರಿಂಕ್ಸ್ ಕಡೆಯವನೂ ಎದುರುಬದುರು ಕೂತಾಗ ನಮ್ಮ ಊಟದ ಮೇಜಿನ ಮಧ್ಯೆ ಅದು ಈಗಲೂ ಕಾಣಿಸುತ್ತದೆ.

ಪುಣೆಯಲ್ಲಿ ಇನ್ನೊಂದು ಸಂಗತಿ ನೋಡಿ ನಾನು ಬೆರಗಾದೆ. ಚೈತ್ರ ಮಾಸದಲ್ಲಿ ಮಾಲೀಕರ ಮನೆಯಲ್ಲಿ ಅರಿಶಿನ ಕುಂಕುಮಕ್ಕೆ ಕರೆದರು. ಮಾವಿನಕಾಯಿ ಹಾಕಿದ ಕಡಲೆಬೇಳೆಯ ಕೋಸಂಬರಿಯಂಥದ್ದು, ಜೊತೆಗೆ ಒಂದು ಲೋಟ ‘ಪನ್ಹ’. ಕುದಿಸಿದ ಮಾವಿನಕಾಯಿಯ ತಿರುಳಿಗೆ ಬೆಲ್ಲ, ಏಲಕ್ಕಿ ಸೇರಿಸಿ ಮಾಡಿದ್ದು. ನಮ್ಮಲ್ಲಿ ರಾಮನವಮಿಗೆ ಕೋಸಂಬರಿ ಪಾನಕ ಹಂಚುವುದಿಲ್ಲವೇ, ಅದೇ ಋತು, ಅದೇ ಜೋಡಿ. ಪದವೂ ಅದೇ. ನಮ್ಮ ಪಾನಕ, ಮರಾಠಿಯ ಪನ್ಹ, ಹಿಂದಿಯವರ ಆಮ್ ಪನ್ನಾ ಎಲ್ಲದರ ಮೂಲ ಸಂಸ್ಕೃತದ ಪಾನಕ. ಶರಬತ್ತಿನದು ಅರಬ್ಬೀ ಮೂಲ. ಕುಡಿಯುವುದು ಅನ್ನುವ ಅರ್ಥದ ಒಂದೇ ಧಾತುವಿನಿಂದ ಶರಬತ್ತೂ ಬಂದಿದೆ, ಶರಾಬೂ ಬಂದಿದೆ, ಇಂಗ್ಲಿಷಿನ ಸಿರಪ್ ಕೂಡ ಬಂದಿದೆ. ನಾವು ‘ಡ್ರಿಂಕ್ಸ್’ ಅಂದರೆ ಒಂದು, ‘ಕೂಲ್ ಡ್ರಿಂಕ್ಸ್’ ಅಂದರೆ ಇನ್ನೊಂದು ಅಂತ ಬೇರೆ ಮಾಡಿಕೊಂಡ ಹಾಗೇ ಅದೂ.

ಪತ್ರಿಕೆಯ ಭಾಷೆಯಲ್ಲಿ ಮಾತ್ರ ಎಲ್ಲ ಕಡೆಯೂ ಶಿಸ್ತು. ಕನ್ನಡದಲ್ಲಿ ತಂಪು ಪಾನೀಯ, ತಮಿಳಿನಲ್ಲಿ ಕುಳಿರ್‌ಪಾನಂ, ತೆಲುಗಿನಲ್ಲಿ ಶೀತಲ ಪಾನೀಯಂ, ಮರಾಠಿಯಲ್ಲಿ ಶೀತಪೇಯ, ಹಿಂದಿಯಲ್ಲಿ ಶೀತಲ ಪೇಯ. ಇವುಗಳಲ್ಲಿ ಯಾವುದನ್ನೂ ನಾನು ಅಂಗಡಿಯ ಮುಂದೆ ಕೇಳಿಲ್ಲ. ಒಮ್ಮೆ ಪಂಥ ಕಟ್ಟಿಕೊಂಡು ಅರಸೀಕೆರೆ ಬಸ್ ಸ್ಟ್ಯಾಂಡಿನಲ್ಲಿ “ಒಂದು ತಂಪು ಪಾನೀಯ ಕೊಡಿ” ಅಂದೆ. ಅಂಗಡಿಯವರು ಕಪಾಟಿನ ಕಡೆ ತಿರುಗಿ, ಮತ್ತೆ ನನ್ನ ಕಡೆ ತಿರುಗಿ, “ಅದು ಯಾವ ಕಂಪನೀದು ಸಾರ್?” ಅಂದರು.

ಗೋಲಿ, ಗೋಟಿ, ಬಂಟಾ

ಆಫೀಸಿನ ಕೆಲಸದ ಮೇಲೆ ಆಗಾಗ ದೆಹಲಿಗೆ ಹೋಗುತ್ತಿದ್ದೆ. ಅಲ್ಲಿನ ‘ಬಂಟಾ’ ನನಗೆ ಬಹಳ ಇಷ್ಟ. ನಿಂಬೆರಸ, ಕಪ್ಪುಪ್ಪು ಹಾಕಿ ಗೋಲಿ ಸೋಡಾ ಸುರಿದು ಕೊಡುತ್ತಾರೆ. ಬಂಟಾ ಅಂದರೆ ಏನು ಅಂತ ಒಬ್ಬರನ್ನು ಕೇಳಿದೆ. ಮಕ್ಕಳು ಆಡುವ ಗೋಲಿಗೆ ಆ ಕಡೆ ಬಂಟಾ ಅನ್ನುತ್ತಾರಂತೆ. ಆಗ ಹೊಳೆಯಿತು. ಮಹಾರಾಷ್ಟ್ರದಲ್ಲಿ ಇದಕ್ಕೆ ಗೋಟಿ ಸೋಡಾ, ಅಲ್ಲಿ ಮಕ್ಕಳು ಆಡುವುದು ಗೋಟಿ. ನಾವು ಆಡುವುದು ಗೋಲಿ, ಹಾಗಾಗಿ ಗೋಲಿ ಸೋಡಾ. ಕತ್ತಿನಲ್ಲಿ ಗೋಲಿ ಇರುವ ಈ ಬಾಟಲಿಗೆ 1872ರಲ್ಲಿ ಪೇಟೆಂಟ್ ಪಡೆದವನು ಹೈರಮ್ ಕಾಡ್ ಅನ್ನುವ ಇಂಗ್ಲಿಷಿನವನು. ಒಳಗಿನ ಗ್ಯಾಸಿನ ಒತ್ತಡವೇ ಗೋಲಿಯನ್ನು ಮೇಲಕ್ಕೆ ಒತ್ತಿ ಹಿಡಿಯುತ್ತದೆ. ಬೆರಳಿನಿಂದ ಅದನ್ನು ಒಳಕ್ಕೆ ತಳ್ಳಿದಾಗ ಬರುವ ಸದ್ದು ಮಾತ್ರ ಎಲ್ಲ ಊರಲ್ಲೂ ಒಂದೇ.

ಮುಂಬಯಿಯ ಪಾರ್ಸಿ ಊಟದ ಮನೆಗಳಲ್ಲಿ ‘ರಾಸ್‌ಬೆರಿ’ ಅಂತ ಕೇಳಿದರೆ ಹಣ್ಣು ಬರುವುದಿಲ್ಲ, ಕೆಂಪು ಸೋಡಾ ಬರುತ್ತದೆ. ಪುಣೆಯ ಕ್ಯಾಂಪ್‌ನ ಅರ್ದೇಶಿರ್ ಅಂಗಡಿ ಇಂಥ ಬಣ್ಣದ ಸೋಡಾಗಳನ್ನು 1884ರಿಂದ ಮಾಡುತ್ತಿದೆ. ಚೆನ್ನೈಗೆ ಬಂದ ಹೊಸದರಲ್ಲಿ ನಮ್ಮ ಟೀಮಿನ ಉತ್ತರದ ಹುಡುಗನೊಬ್ಬ ‘ಪನ್ನೀರ್ ಸೋಡಾ’ ಅಂತ ಬೋರ್ಡು ನೋಡಿ, ಸೋಡಾದಲ್ಲಿ ಪನೀರ್ ತುಂಡು ಹಾಕುತ್ತಾರೆ ಅಂದುಕೊಂಡು ಬೆಚ್ಚಿಬಿದ್ದಿದ್ದ. ಮದುವೆ ಮನೆಯ ಬಾಗಿಲಲ್ಲಿ ಪನ್ನೀರು ಚಿಮುಕಿಸಿಕೊಂಡು ಬೆಳೆದ ನಮಗೆ ಆ ಕಷ್ಟ ಇಲ್ಲ. ಗುಲಾಬಿಯ ಘಮದ ಸೋಡಾ ಅದು, ಅಷ್ಟೇ. ತಮಿಳುನಾಡಿನದೇ ಇನ್ನೊಂದು ಹೆಮ್ಮೆ ಬೊವೊಂಟೊ. 1916ರಲ್ಲಿ ಶುರುವಾದ, ವಿರುದುನಗರ ಮೂಲದ ಕಾಳಿ ಕಂಪನಿಯದು.

ಅಮೆರಿಕದಲ್ಲೂ ಈ ಜಗಳ ಇದೆ. ನ್ಯೂಯಾರ್ಕ್ ಕಡೆ ಸೋಡಾ, ಷಿಕಾಗೋ ಕಡೆ ಪಾಪ್, ದಕ್ಷಿಣದ ರಾಜ್ಯಗಳಲ್ಲಿ ಯಾವ ಬಾಟಲಿಯಾದರೂ ಕೋಕ್. ಅಲ್ಲಿನ ಭಾಷಾ ಆಸಕ್ತರು ಇದರ ನಕ್ಷೆಗಳನ್ನೇ ಮಾಡಿದ್ದಾರೆ. ನಮ್ಮಲ್ಲಿ ಕೋಕ್ ಅನ್ನುವುದು ಎಲ್ಲ ಬಾಟಲಿಗೂ ಅಂಟುವ ಹೆಸರಾಗಲಿಲ್ಲ. ಅದಕ್ಕೆ 1977 ಒಂದು ಕಾರಣ ಅಂತ ನನ್ನ ಊಹೆ. ವಿದೇಶಿ ಕಂಪನಿಗಳು ತಮ್ಮ ಪಾಲನ್ನು 40 ಶೇಕಡಾಕ್ಕೆ ಇಳಿಸಬೇಕೆಂಬ ಕಾನೂನಿನ ಜಗಳದಲ್ಲಿ ಕೋಕಾಕೋಲಾ ಆ ವರ್ಷ ದೇಶ ಬಿಟ್ಟಿತು. ಆಗ ಕೈಗಾರಿಕಾ ಮಂತ್ರಿಯಾಗಿದ್ದವರು ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸ್. ಅದರ ಜಾಗಕ್ಕೆ ಸರ್ಕಾರವೇ ತಂದ ‘ಡಬಲ್ ಸೆವೆನ್’ ಅನ್ನುವ ಪಾನೀಯದ ಸೂತ್ರ ತಯಾರಾದದ್ದು ನಮ್ಮ ಮೈಸೂರಿನ ಸಿಎಫ್‌ಟಿಆರ್‌ಐನಲ್ಲಿ. ಡಬಲ್ ಸೆವೆನ್ ಉಳಿಯಲಿಲ್ಲ, ಅದೇ ವರ್ಷ ಬಂದ ಥಮ್ಸ್ ಅಪ್ ಉಳಿಯಿತು. ಕೋಕಾಕೋಲಾ ವಾಪಸು ಬಂದದ್ದು 1993ರಲ್ಲಿ. ಬಂದಮೇಲೆ ಅದು ಮಾಡಿದ ಜಾಣತನ ನೋಡಿ. ಆಮಿರ್ ಖಾನ್ ಜಾಹೀರಾತಿನಲ್ಲಿ, ಉತ್ತರದ ಜನ ಮೊದಲಿನಿಂದ ಆಡುತ್ತಿದ್ದ ‘ಠಂಡಾ’ ಪದಕ್ಕೇ ತನ್ನ ಹೆಸರನ್ನು ಗಂಟುಹಾಕಿತು. ಆ ಜಾಹೀರಾತು ಟಿವಿಯಲ್ಲಿ ಬಂದಾಗಲೆಲ್ಲ ನಾನು ನಗುತ್ತಿದ್ದೆ. ನಮ್ಮೂರಲ್ಲಿ ಅದಕ್ಕೂ ಜ್ಯೂಸು ಅಂತಲೇ ಹೆಸರು.

ಕನ್ನಡ ಪೇಪರ್ ಹುಡುಕಿಕೊಂಡು

ಈಗ ಮೇ ತಿಂಗಳ ಕಥೆಗೆ ಬರುತ್ತೇನೆ.

ಅಪ್ಪ ಅಮ್ಮ ರಜೆಗೆ ಚೆನ್ನೈಗೆ ಬಂದಿದ್ದರು. ಅಪ್ಪನಿಗೆ ಈಗ ಐದು ವರ್ಷದಿಂದ ಸಕ್ಕರೆ ಕಾಯಿಲೆ, ಬೆಳಗ್ಗೆ ತಿಂಡಿಗೆ ಮೊದಲು ಮಾತ್ರೆ ತೆಗೆದುಕೊಳ್ಳುತ್ತಾರೆ. ಕನ್ನಡ ಪೇಪರ್ ಇಲ್ಲದೆ ಅವರಿಗೆ ಬೆಳಗಾಗುವುದಿಲ್ಲ. ನಾನು ಮೊಬೈಲಿನಲ್ಲಿ ಇ-ಪೇಪರ್ ತೆಗೆದುಕೊಟ್ಟೆ. ಎರಡು ದಿನ ಹಿಗ್ಗಿಸಿ ಕುಗ್ಗಿಸಿ ಓದಿದರು. ಮೂರನೇ ದಿನ, “ಇದು ಕಿಟಕಿಯಿಂದ ಇಣುಕಿ ನೋಡಿದ ಹಾಗಾಗುತ್ತೆ ಕಣೋ” ಅಂತ ಬದಿಗಿಟ್ಟರು. ರೈಲು ನಿಲ್ದಾಣದ ಹತ್ತಿರ ಸಿಗಬಹುದು ಅಂತ ನಾನೇ ಬಾಯಿ ತಪ್ಪಿ ಹೇಳಿದ್ದೆ.

ಮರುದಿನ ಬೆಳಗ್ಗೆ ಮಾತ್ರೆ ನುಂಗಿ, ಅಮ್ಮ ಇಡ್ಲಿ ಇಳಿಸುವಷ್ಟರಲ್ಲಿ ಬರುತ್ತೇನೆ ಅಂತ ಹೊರಟವರು ಒಂದು ಗಂಟೆಯಾದರೂ ಬರಲಿಲ್ಲ. ನಾನು ಆಫೀಸಿನ ಕಾಲ್‌ನಲ್ಲಿದ್ದೆ. ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಕಟ್ ಮಾಡಿದೆ. ಮತ್ತೆ ಬಂತು. ಮತ್ತೆ ಕಟ್ ಮಾಡಿದೆ. ಮೂರನೇ ಸಲ ಎತ್ತಿದರೆ ಆ ಕಡೆಯಿಂದ ತಮಿಳಿನಲ್ಲಿ, “ಸಾರ್, ಉಂಗ ಅಪ್ಪಾ ಇಂಗೆ ಇರುಕ್ಕಾರ್. ಸೀಕ್ರಂ ವಾಂಗ.” ನಿಮ್ಮ ಅಪ್ಪ ಇಲ್ಲಿದ್ದಾರೆ, ಬೇಗ ಬನ್ನಿ.

ಆಮೇಲೆ ಅಪ್ಪ, ಅಂಗಡಿಯವರು, ಪಕ್ಕದಲ್ಲಿದ್ದವರು ಹೇಳಿದ್ದನ್ನೆಲ್ಲ ಜೋಡಿಸಿಕೊಂಡಾಗ ನಡೆದದ್ದು ಇಷ್ಟು.

ಪೇಪರ್ ಸಿಗದೆ ವಾಪಸು ಬರುವಾಗ ಅಪ್ಪನಿಗೆ ಕೈ ನಡುಗಲು ಶುರುವಾಗಿದೆ. ಮೈಯೆಲ್ಲ ಬೆವರು. ಸಕ್ಕರೆ ಇಳಿದಿದೆ ಅಂತ ಅವರಿಗೂ ಗೊತ್ತಾಗಿದೆ. ಮುಂಚೆ ಎರಡು ಸಲ ಹಾಗಾಗಿತ್ತು. ಎದುರಿಗೆ ಕಂಡ ಸಣ್ಣ ಅಂಗಡಿಗೆ ಹೋಗಿ, “ಜ್ಯೂಸ್ ಕೊಡಿ” ಅಂದಿದ್ದಾರೆ. ಚೆನ್ನೈನಲ್ಲಿ ಜ್ಯೂಸ್ ಅಂದರೆ ಹಣ್ಣು ಹಿಂಡಿ ಕೊಡುವ ಜ್ಯೂಸ್. ಅಂಗಡಿಯವರು ರಸ್ತೆಯ ಕೊನೆಗೆ ಕೈ ತೋರಿಸಿ, “ಜ್ಯೂಸ್ ಕಡೈ ಅಂಗೆ” ಅಂದಿದ್ದಾರೆ. ಅವರದು ತಪ್ಪಲ್ಲ. ಫ್ರಿಜ್ ತುಂಬ ಬಾಟಲಿಗಳು ಅಪ್ಪನ ಕಣ್ಣೆದುರೇ ಇದ್ದವು. ಬೆರಳು ತೋರಿಸಿದ್ದರೆ ಸಾಕಿತ್ತು. ಆದರೆ ಸಕ್ಕರೆ ಇಳಿದಾಗ ಮೊದಲು ಮಂಕಾಗುವುದು ಬುದ್ಧಿಯೇ. ಹತ್ತು ಹೆಜ್ಜೆ ಆ ಕಡೆ ನಡೆದು, ಆಗದೆ, ತಿರುಗಿ ಬಂದು “ಸೋಡಾ” ಅಂದಿದ್ದಾರೆ.

ಅಪ್ಪನ ಕಾಲದ ನಮ್ಮೂರಲ್ಲಿ ಸೋಡಾ ಅಂದರೆ ಅಂಗಡಿಯವರು ತಿರುಗಿ ಕೇಳುತ್ತಿದ್ದರು, “ಸಪ್ಪೆನೋ, ಸಿಹೀನೋ?” ಅಂತ. ಇಲ್ಲಿ ಯಾರೂ ಕೇಳಲಿಲ್ಲ. ಸೋಡಾ ಅಂದರೆ ಸಪ್ಪೆ ಸೋಡಾ. ತೆಗೆದು ಕೈಗೆ ಕೊಟ್ಟರು. ಅಪ್ಪ ಅರ್ಧ ಬಾಟಲಿ ಕುಡಿದರು. ಅದರಲ್ಲಿ ಒಂದು ಕಾಳು ಸಕ್ಕರೆಯೂ ಇಲ್ಲ. ನಮ್ಮ ಕಸುಬಿನ ಮಾತಿನಲ್ಲಿ ಹೇಳುವುದಾದರೆ, ವೇರಿಯಬಲ್ ಹೆಸರು ಅದೇ, ಒಳಗಿನ ಬೆಲೆ ಮಾತ್ರ ಸೊನ್ನೆ. ಕುಡಿದರೂ ನಡುಕ ನಿಲ್ಲಲಿಲ್ಲ. ಅಂಗಡಿಯ ಮೆಟ್ಟಿಲ ಮೇಲೆ ಕುಸಿದು ಕೂತರು.

ಪಕ್ಕದಲ್ಲಿ ಒಬ್ಬ ಅಜ್ಜಿ ಹೂ ಕಟ್ಟುತ್ತ ಕೂತಿದ್ದರು. ಅಪ್ಪನ ಬೆವರು, ಬಿಳುಚಿದ ಮುಖ ನೋಡಿ ಅವರಿಗೆ ಅರ್ಥವಾಗಿದೆ. ಅವರ ಯಜಮಾನರಿಗೂ ಸಕ್ಕರೆ ಕಾಯಿಲೆ ಇತ್ತಂತೆ. ಹತ್ತಿರ ಬಂದು, “ಕಲರ್ ವೇಣುಮಾ ಅಯ್ಯಾ? ಕಲರ್?” ಅಂತ ಕೇಳಿದ್ದಾರೆ.

ತಮಿಳುನಾಡಿನ ಹಳೆಯ ಜನ ಬಣ್ಣದ ಸಿಹಿ ಬಾಟಲಿಗೆ ಕಲರ್ ಅನ್ನುತ್ತಾರೆ. ಅದು ನನಗೆ ಗೊತ್ತಿರಲಿಲ್ಲ. ಮೂರು ವರ್ಷದಿಂದ ಚೆನ್ನೈನಲ್ಲಿದ್ದರೂ ನನ್ನ ಕಿವಿಗೆ ಬಿದ್ದದ್ದು ಆಫೀಸಿನ ಕೂಲ್ ಡ್ರಿಂಕ್ಸ್ ಮಾತ್ರ. ಆದರೆ ಅಪ್ಪನಿಗೆ ಗೊತ್ತಿತ್ತು. ಅರಸೀಕೆರೆ ಹತ್ತಿರದ ಮಾಲೇಕಲ್ ತಿರುಪತಿಯ ಜಾತ್ರೆಗೆ ಅಜ್ಜ ಅವರನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದ ಕಾಲದಲ್ಲಿ, ತೇರು ನೋಡಿ ಅಳದೆ ಇದ್ದರೆ ಸಿಗುತ್ತಿದ್ದದ್ದು ಕಲರ್ ಸೋಡಾ. “ಅಷ್ಟು ಮಂಕು ಕವಿದಿದ್ರೂ ಅದೊಂದು ಮಾತು ಕಿವಿಗೆ ಬಿತ್ತು ನೋಡು,” ಅಂದರು ಆಮೇಲೆ. ತಲೆಯಾಡಿಸಿ, “ಹ್ಞೂಂ, ಕಲರ್, ಕಲರ್” ಅಂದಿದ್ದಾರೆ. ಅಜ್ಜಿ ತಾವೇ ದುಡ್ಡು ಕೊಟ್ಟು ಕಿತ್ತಳೆ ಬಣ್ಣದ ಒಂದು ಬಾಟಲಿ ತೆಗೆಸಿ, ಕೈಹಿಡಿದು ಕುಡಿಸಿದ್ದಾರೆ.

ನಾನು ಬೈಕಿನಲ್ಲಿ ಹೋಗಿ ತಲುಪಿದಾಗ ಅಪ್ಪ ಗೋಡೆಗೆ ಒರಗಿ ಕೂತಿದ್ದರು. ಬಾಟಲಿ ಖಾಲಿ, ತುಟಿ ಕಿತ್ತಳೆ ಬಣ್ಣ. ಹತ್ತಿರದ ಕ್ಲಿನಿಕ್‌ನಲ್ಲಿ ಪರೀಕ್ಷೆ ಮಾಡಿಸಿದಾಗ 82 ಇತ್ತು. ಬಾಟಲಿ ಕುಡಿದ ಮೇಲೆ ಇಷ್ಟು ಅಂದರೆ ಮೊದಲು 70ಕ್ಕಿಂತ ಸಾಕಷ್ಟು ಕೆಳಗೆ ಹೋಗಿರಬೇಕು ಅಂದರು ಡಾಕ್ಟರು. ಅಪ್ಪನನ್ನು ಮನೆಗೆ ಬಿಟ್ಟು, ಅಜ್ಜಿಗೆ ಬಾಟಲಿಯ ದುಡ್ಡು ಕೊಡಲು ಹೋದೆ. ತೆಗೆದುಕೊಳ್ಳಲಿಲ್ಲ. ಎರಡು ಮೊಳ ಮಲ್ಲಿಗೆ ಕೊಂಡುಕೊಂಡೆ. ಅದರಲ್ಲೂ ಚಿಲ್ಲರೆ ಲೆಕ್ಕ ಹಾಕಿ ಪೈಸೆ ಬಿಡದೆ ವಾಪಸು ಕೊಟ್ಟರು.

ಫೋನನ್ನು ಎರಡು ಸಲ ಕಟ್ ಮಾಡಿದ್ದೆ ಅನ್ನುವುದು ಮಾತ್ರ ಈಗಲೂ ನನ್ನನ್ನು ಕೊರೆಯುತ್ತದೆ.

ಸಕ್ಕರೆ ಅನ್ನಿ, ಸಾಕು

ಆವತ್ತು ರಾತ್ರಿ ಊಟದ ಮೇಜಿನ ಮುಂದೆ ಕೂತು ನಾನು ಒಂದು ಪಟ್ಟಿ ಮಾಡತೊಡಗಿದೆ. ಚೆನ್ನೈನಲ್ಲಿ ಏನು ಕೇಳಬೇಕು, ಹೈದರಾಬಾದಿನ ತಂಗಿಯ ಮನೆಗೆ ಹೋದಾಗ ಏನು ಕೇಳಬೇಕು, ಪುಣೆಯಲ್ಲಿ ಏನು. ಅಪ್ಪ ಬಾಯಿಪಾಠ ಮಾಡಿಕೊಳ್ಳಲಿ ಅಂತ. ಹೆಂಡತಿ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಅಂದಳು, “ಅಲ್ರೀ, ಅಷ್ಟೆಲ್ಲ ಯಾಕ್ ನೆನಪಿಟ್ಕೋಬೇಕು ಮಾವಾರು? ಬೇಕಾಗಿದ್ದು ಸಕ್ರಿ. ಸಕ್ರೀನ ಕೇಳ್ಬೇಕಪಾ.”

ನಾನು ಪೆನ್ನು ಕೆಳಗಿಟ್ಟೆ. ಬಾಟಲಿಗೆ ಊರಿಗೊಂದು ಹೆಸರು. ಆದರೆ ಒಳಗಿರುವ ಸಿಹಿಗೆ? ನಮ್ಮಲ್ಲಿ ಸಕ್ಕರೆ, ಧಾರವಾಡದಲ್ಲಿ ಸಕ್ರಿ, ತಮಿಳಿನಲ್ಲಿ ಸಕ್ಕರೈ, ತೆಲುಗಿನಲ್ಲಿ ಚಕ್ಕೆರ, ಮರಾಠಿಯಲ್ಲಿ ಸಾಖರ, ಹಿಂದಿಯಲ್ಲಿ ಚೀನಿ ಅಂದರೂ ಶಕ್ಕರ್ ಅಂದರೂ ಗೊತ್ತಾಗುತ್ತದೆ. ಚೀನಿ ಒಂದನ್ನು ಬಿಟ್ಟರೆ ಎಲ್ಲವೂ ಶರ್ಕರಾ ಎಂಬ ಒಂದೇ ಪದದ ಮಕ್ಕಳು. ಇಂಗ್ಲಿಷಿನ ಶುಗರ್ ಕೂಡ ಅರಬ್ಬೀ ದಾರಿಯಲ್ಲಿ ಸುತ್ತಿ ಹೋದ ಅದೇ ಪದ. ಅಪ್ಪ ಆ ಅಂಗಡಿಯ ಮುಂದೆ ಶುದ್ಧ ಅರಸೀಕೆರೆ ಕನ್ನಡದಲ್ಲಿ “ಸಕ್ಕರೆ” ಅಂದಿದ್ದರೂ ಚೆನ್ನೈನ ಅಂಗಡಿಯವರಿಗೆ ತಿಳಿಯುತ್ತಿತ್ತು. ಟೀ ಅಂಗಡಿಯಲ್ಲಾದರೆ ಡಬ್ಬಿಯೇ ಮುಂದೆ ಬರುತ್ತಿತ್ತು.

ನಿಮ್ಮ ಮನೆಯಲ್ಲೂ ಸಕ್ಕರೆ ಕಾಯಿಲೆಯ ಅಪ್ಪ, ಅಮ್ಮ, ಅತ್ತೆ, ಮಾವ ಇದ್ದು, ಅವರು ವರ್ಷಕ್ಕೊಮ್ಮೆ ನಿಮ್ಮ ಊರಿಗೆ ಬರುವವರಾದರೆ, ನಮ್ಮ ಡಾಕ್ಟರು ಹೇಳಿದ ನಾಲ್ಕು ಮಾತನ್ನು ನಿಮಗೂ ದಾಟಿಸುತ್ತೇನೆ. ರಕ್ತದ ಸಕ್ಕರೆ 70ಕ್ಕಿಂತ ಕೆಳಗಿಳಿದರೆ, ನುಂಗುವಷ್ಟು ಎಚ್ಚರ ಇರುವಾಗ, ಸುಮಾರು 15 ಗ್ರಾಂ ಸಕ್ಕರೆ ಹೊಟ್ಟೆಗೆ ಹೋಗಬೇಕು. ಅಂದರೆ ಮೂರು ಟೀ ಚಮಚ ಸಕ್ಕರೆ, ಇಲ್ಲವೇ ಸುಮಾರು 150 ಮಿಲಿ ಮಾಮೂಲಿ ಸಿಹಿ ಪಾನೀಯ. 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕು, ಇನ್ನೂ ಕಡಿಮೆ ಇದ್ದರೆ ಮತ್ತೆ ಅಷ್ಟೇ ಕೊಡಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ನೇರ ಆಸ್ಪತ್ರೆಗೆ ಒಯ್ಯಬೇಕು. ಇನ್ನೊಂದು ಎಚ್ಚರಿಕೆ ಈಗಿನ ಕಾಲದ್ದು. ‘ಡಯೆಟ್’, ‘ಝೀರೋ ಶುಗರ್’ ಅಂತ ಬರೆದ ಬಾಟಲಿ ನೋಡಲು ಹಾಗೇ ಇರುತ್ತದೆ, ಕುಡಿದರೆ ಸಿಹಿಯೂ ಇರುತ್ತದೆ. ಆದರೆ ಅದರಲ್ಲಿ ಸಕ್ಕರೆ ಇಲ್ಲದ್ದರಿಂದ ಈ ಹೊತ್ತಿಗೆ ಅದೂ ಸಪ್ಪೆ ಸೋಡಾ ಇದ್ದ ಹಾಗೆ.

ಈಗ ಅಪ್ಪನ ಅಂಗಿಯ ಜೇಬಿನಲ್ಲಿ ಒಂದು ಕಾರ್ಡು ಇದೆ. ಒಂದು ಬದಿ ಕನ್ನಡ ಮತ್ತು ಇಂಗ್ಲಿಷ್, ಇನ್ನೊಂದು ಬದಿ ತಮಿಳು ಮತ್ತು ತೆಲುಗು: ನನಗೆ ಸಕ್ಕರೆ ಕಾಯಿಲೆ ಇದೆ, ತಲೆ ಸುತ್ತುತ್ತಿದ್ದರೆ ಸಕ್ಕರೆ ಕೊಡಿ, ಈ ನಂಬರಿಗೆ ಫೋನ್ ಮಾಡಿ. ಜೊತೆಗೆ ಸಕ್ಕರೆಯ ನಾಲ್ಕು ಪುಟ್ಟ ಪೊಟ್ಟಣ. ನನ್ನ ಮಟ್ಟಿಗೆ ಒಂದು ನಿಯಮ ಮಾಡಿಕೊಂಡಿದ್ದೇನೆ, ಅಪ್ಪ ಊರಲ್ಲಿರಲಿ ಇಲ್ಲಿರಲಿ, ಗೊತ್ತಿಲ್ಲದ ನಂಬರಿನ ಫೋನ್ ಎರಡನೇ ಸಲ ಬಂದರೆ ಮೀಟಿಂಗ್ ಬಿಟ್ಟು ಎತ್ತುತ್ತೇನೆ. ಹೂವಿನ ಅಜ್ಜಿಯ ಹತ್ತಿರ ಶುಕ್ರವಾರ ಹೂ ತರುವುದು ಮಗಳ ಕೆಲಸ. ಅಲ್ಲಿಂದ ಬರುವಾಗ ಅವಳು ನಾಲ್ಕನೇ ಪದವನ್ನೂ ಕಲಿತು ಬಂದಿದ್ದಾಳೆ. ಮೊನ್ನೆ ಫ್ರಿಜ್ ಮುಂದೆ ನಿಂತು, “ಅಪ್ಪಾ, ಒಂದೇ ಒಂದು ಲೋಟ ಕಲರ್” ಅಂದಳು. ಹೆಂಡತಿ ‘ಥಂಡಾ’ ಅಂತ ತಿದ್ದಲಿಲ್ಲ. ಲೋಟ ಮಾತ್ರ ಚಿಕ್ಕದನ್ನು ಕೊಟ್ಟಳು.

ಅಪ್ಪ ಈಗ ಊರಲ್ಲಿದ್ದಾರೆ. ಕಳೆದ ಭಾನುವಾರ ಫೋನ್ ಮಾಡಿದ್ದರು. ಮೊಮ್ಮಗಳ ಮಾತು ಕೇಳಿ ಅವರಿಗೂ ಹಳೆಯದು ನೆನಪಾಗಿ, ಮನೆಗೆ ಬಂದ ನೆಂಟರ ಮಕ್ಕಳಿಗೆ ಕೊಡಿಸೋಣ ಅಂತ ಬಸ್ ಸ್ಟ್ಯಾಂಡಿನ ಅಂಗಡಿಗೆ ಹೋದರಂತೆ. ಹೋಗಿ, ಐವತ್ತು ವರ್ಷದ ಮೇಲೆ ಮೊದಲ ಸಲ, “ಎರಡು ಕಲರ್ ಕೊಡಪ್ಪ” ಅಂದರಂತೆ.

ಅಂಗಡಿಯ ಹುಡುಗ ಪೆನ್ನಿನ ಡಬ್ಬಿ ಮುಂದಿಟ್ಟು ಕೇಳಿದನಂತೆ: “ಯಾವ ಕಲರ್ ಬೇಕು ತಾತ?”